ಮಠ ಸೇರಿದವರು ಸಂಸಾರಕ್ಕೆ ಹೆದರಿದವರಲ್ಲ

ಸಂಪಾದಕರಿಗೆ ನಮಸ್ಕಾರ,

ಮಠ ಸೇರುವವರು ಯಾವ ಧರ್ಮದವರೇ ಆಗಲಿ, ಸಂಸಾರದ ಕಷ್ಟಕ್ಕೆ ಹೆದರಿ ಓಡಿಹೋದವರು ಎಂದು ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು. ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಬೇರೆ ಮಠಗಳ ಬಗ್ಗೆ ನಾನು ಮಾತಾಡಲಾರೆ. ನಾವು ಕಥೋಲಿಕರು, ಕೆಂಗೇರಿಯಲ್ಲಿದ್ದೇವೆ. ಮೈಸೂರು ರಸ್ತೆಯಲ್ಲಿ ಇನ್ನೂ ಸ್ವಲ್ಪ ಮುಂದೆ ಹೋದರೆ ಕುಂಬಳಗೋಡಿನಲ್ಲಿ ಸಂತ ಬೆನೆಡಿಕ್ಟರ ಸಭೆಯ, ಅಂದರೆ ಅವರ ಹೆಸರಿನ ಸನ್ಯಾಸಿಗಳ ಬಳಗದ, ಆಶೀರ್ವನಂ ಮಠ ಇದೆ. ದಿನಾ ಎಷ್ಟೋ ಜನ ಆ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡುತ್ತಾರೆ, ಒಳಗಿನ ಬದುಕು ಹೇಗಿರುತ್ತದೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ, ನನಗೂ ಬಹಳ ವರ್ಷ ಗೊತ್ತಿರಲಿಲ್ಲ.

ಈ ಸಭೆಯವರು ನಡೆಯುವುದು ಸಂತ ಬೆನೆಡಿಕ್ಟ್ ಸುಮಾರು 1,500 ವರ್ಷಗಳ ಹಿಂದೆ ಇಟಲಿಯಲ್ಲಿ ಬರೆದ ನಿಯಮದ ಪ್ರಕಾರ. ಒಟ್ಟು 73 ಅಧ್ಯಾಯ, ಹೆಚ್ಚಿನವು ಒಂದೆರಡು ಪುಟದಷ್ಟೇ. ದೊಡ್ಡ ದೊಡ್ಡ ತತ್ವ ಇರುತ್ತದೆ ಅಂದುಕೊಂಡು ಓದಲು ಕೂತೆ. ನೋಡಿದರೆ ಅಡುಗೆಮನೆ, ಉಗ್ರಾಣ, ಕಾಯಿಲೆಯವರ ಆರೈಕೆ, ಬಟ್ಟೆ, ಹಾಸಿಗೆ, ಬಾಗಿಲು ಕಾಯುವವರು! ಊಟಕ್ಕೆ ಬೇಯಿಸಿದ ಎರಡು ಬಗೆ ಇರಲಿ, ಒಬ್ಬರಿಗೆ ಒಂದು ಸೇರದಿದ್ದರೆ ಇನ್ನೊಂದನ್ನಾದರೂ ತಿನ್ನಲಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅತ್ತೆಗೆ ಖಾರ ಆಗದು ಅಂತ ನಾನು ದಿನಾ ಎರಡು ಸಾರು ಮಾಡುತ್ತೇನೆ, ಅದಕ್ಕೇ ಆ ಸಾಲು ನನಗೆ ಅಷ್ಟು ಹಿಡಿಸಿತು. ಅಡುಗೆಯ ಸರದಿ ವಾರಕ್ಕೊಬ್ಬರಿಗೆ. ಶನಿವಾರ ಸರದಿ ಮುಗಿಸುವವರು ಎಲ್ಲ ತೊಳೆದು, ಒರೆಸುವ ಬಟ್ಟೆಗಳನ್ನೂ ಒಗೆದು, ಪಾತ್ರೆಗಳನ್ನು ಒಂದೂ ಮುಕ್ಕಾಗದಂತೆ ಒಪ್ಪಿಸಬೇಕು. ಹೊಸದಾಗಿ ಸರದಿಗೆ ಬರುವವರೊಂದಿಗೆ ಸೇರಿ ಎಲ್ಲರ ಕಾಲನ್ನೂ ತೊಳೆಯಬೇಕು. ಉಗ್ರಾಣ ನೋಡಿಕೊಳ್ಳುವವನಿಗೆ ಹೇಳಿದ್ದು ಇನ್ನೂ ಚೆನ್ನಾಗಿದೆ. ಮಠದ ಪ್ರತಿಯೊಂದು ಪಾತ್ರೆ, ಸಾಮಾನನ್ನೂ ಚರ್ಚಿನಲ್ಲಿ ಪೂಜೆ ನಡೆಯುವ ಬಲಿಪೀಠದ ಮೇಲಿನ ಪಾತ್ರೆಯಂತೆ ನೋಡಬೇಕಂತೆ. ಕೇಳಿದ್ದು ಕೊಡಲು ಇಲ್ಲದಿದ್ದರೆ ಒಂದು ಒಳ್ಳೆಯ ಮಾತನ್ನಾದರೂ ಕೊಡಬೇಕಂತೆ.

ಇಂಥ ಬದುಕು ಓಡಿಹೋಗುವುದು ಹೇಗಾಗುತ್ತದೆ?

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಬೆನೆಡಿಕ್ಟ್ ಸಭೆಯ ಸನ್ಯಾಸಿಗಳು ಕೊಡುವ ಮಾತಿನಲ್ಲಿ ಒಂದು, ಸೇರಿದ ಮಠದಲ್ಲೇ ಕೊನೆಯವರೆಗೂ ಇರುತ್ತೇನೆ ಎನ್ನುವುದು. ಉಪವಾಸ, ಮೌನ, ಬೆಳಗಿನ ಜಾವ ಏಳುವುದು ಇವೆಲ್ಲ ಅಭ್ಯಾಸವಾಗುತ್ತದೆ. ಆದರೆ ನಾವೇ ಆರಿಸಿಕೊಳ್ಳದ ಜನರ ಜೊತೆ ನಲವತ್ತು ಐವತ್ತು ವರ್ಷ, ಅದೇ ಊಟದ ಸಾಲು, ಪಕ್ಕದಲ್ಲಿ ಅದೇ ಕೆಮ್ಮು, ಅದೇ ಗೊಣಗಾಟ, ಬೇಜಾರಾಯಿತು ಅಂತ ತವರಿಗೆ ಹೋಗುವ ಹಾಗೂ ಇಲ್ಲ, ಇದು ಸಂಸಾರಕ್ಕಿಂತ ಸುಲಭ ಅಂತ ನನಗೆ ಯಾವತ್ತೂ ಅನಿಸಿಲ್ಲ. ಬೆನೆಡಿಕ್ಟರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ಹಿರಿಯರು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಲಿ ಎಂದರು. ಒಟ್ಟಿಗೆ ಬದುಕುವ ಕಡೆ ಮನಸ್ತಾಪದ ಮುಳ್ಳು ಏಳುತ್ತಲೇ ಇರುತ್ತದೆ, ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎನ್ನುವ ಮಾತು ಕಿವಿಗೆ ಬಿದ್ದರೆ ಅವರು ಒಳಗನ್ನು ತೊಳೆದುಕೊಂಡಾರು ಅಂತ.

ಅದೇ ಪ್ರಾರ್ಥನೆಯನ್ನು ನಾನು ಮಗುವಾಗಿದ್ದಾಗಿನಿಂದ ಹೇಳುತ್ತಿದ್ದೇನೆ. ಆಸ್ತಿ ಪಾಲಿನ ವಿಷಯಕ್ಕೆ ನನ್ನ ನಾದಿನಿಯ ಜೊತೆ ಮಾತು ಬಿಟ್ಟಿದ್ದ ಎರಡು ವರ್ಷವೂ ಜಪಮಾಲೆ ಹಿಡಿದು ಹೇಳುತ್ತಲೇ ಇದ್ದೆ. ಬಾಯಿಪಾಠದ ಮಾತು, ಒಳಗೆ ಇಳಿದಿರಲಿಲ್ಲ. ಈ ಅಧ್ಯಾಯ ಓದಿದ ರಾತ್ರಿ ಆ ಸಾಲಿನ ಹತ್ತಿರ ಬಂದಾಗ ಗಂಟಲು ಕಟ್ಟಿತು, ಮುಂದೆ ಹೇಳಲು ಆಗಲಿಲ್ಲ. ಮಾರನೇ ದಿನ ಫೋನ್ ಮಾಡಿದೆ. ಅವಳು "ಅತ್ತಿಗೆ, ಊಟ ಆಯ್ತಾ" ಅಂದಳು, ಅಷ್ಟೇ. ಪಾಲಿನ ವಿಷಯ ಇನ್ನೂ ಬಗೆಹರಿದಿಲ್ಲ, ಆದರೆ ಈಗ ಮಾತಾಡುತ್ತೇವೆ.

ನಮ್ಮ ಕೆಂಗೇರಿಯವರಿಗೂ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಇಂಗ್ಲೆಂಡಿನ ಬೆನೆಡಿಕ್ಟ್ ಸಭೆಯ ಬೀಡ್ ಗ್ರಿಫಿತ್ಸ್ 1955ರಲ್ಲಿ ಭಾರತಕ್ಕೆ ಬಂದು, ಮಠ ಕಟ್ಟಬೇಕು ಅಂತ ಮೊದಲು ನೆಲೆ ನಿಂತದ್ದು ಕೆಂಗೇರಿಯಲ್ಲೇ. ಅದು ಕೈಗೂಡಲಿಲ್ಲ. 1958ರಲ್ಲಿ ಅವರು ಕೇರಳದ ವಾಗಮಣ್ ಬೆಟ್ಟಕ್ಕೆ ಹೋಗಿ, ಬೆಲ್ಜಿಯಂನಿಂದ ಬಂದಿದ್ದ ಫ್ರಾನ್ಸಿಸ್ ಆಚಾರ್ಯರ ಜೊತೆ ಕುರಿಸುಮಲ ಆಶ್ರಮ ಕಟ್ಟಿದರು. ಅಲ್ಲಿನವರು ಉಡುವುದು ಕಾವಿ, ಬದುಕು ಸಾಗಿದ್ದು ಹಸು ಸಾಕಿ, ಹಾಲು ಮಾರಿ. ಹಸು ಸಾಕಿದವರಿಗೆ ಗೊತ್ತು ಅಲ್ವಾ, ಹಬ್ಬ ಇರಲಿ ಜ್ವರ ಇರಲಿ, ಎರಡು ಹೊತ್ತೂ ಹಾಲು ಕರೆಯಲೇಬೇಕು. ಪ್ರಾರ್ಥನೆಯೂ ಹಾಗೇ, ಮನಸ್ಸು ಬಂದಾಗ ಮಾತ್ರ ಮಾಡುವುದಲ್ಲ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೇಳಿಕೆ. ಕ್ರಿಸ್‌ಮಸ್ ಬಂದರೆ ಕೇಕು, ನಕ್ಷತ್ರ, ಗೋದಲಿಯ ಫೋಟೊ ಹಾಕುತ್ತೀರಿ, ಸಂತೋಷ. ಒಮ್ಮೆ ಹಬ್ಬ ಇಲ್ಲದ ಒಂದು ಸಾಮಾನ್ಯ ಮಂಗಳವಾರ ನಿಮ್ಮ ವರದಿಗಾರರನ್ನು ಯಾವುದಾದರೂ ಮಠಕ್ಕೆ ಕಳಿಸಿ. ಬೆಳಗಿನ ಕೀರ್ತನೆಯಿಂದ ರಾತ್ರಿ ದೀಪ ಆರಿಸುವವರೆಗೆ ನೋಡಿ ಬರೆಯಲಿ, ಅಡುಗೆಮನೆಯನ್ನೂ ನೋಡಲಿ. ಪತ್ರ ಬರೆದ ಆ ಓದುಗರೂ ಒಮ್ಮೆ ಹೋಗಿ ಬರಲಿ, ಇದನ್ನು ನಾನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಬಂದ ಅತಿಥಿಯನ್ನು ಯೇಸುವೇ ಬಂದ ಹಾಗೆ ಕಾಣಬೇಕು, ಬಾಗಿಲು ತಟ್ಟಿದವರಿಗೆ "ದೇವರಿಗೆ ಸ್ತೋತ್ರ" ಅಂತ ಓಗೊಡಬೇಕು ಎಂದು ಆ ನಿಯಮದಲ್ಲೇ ಇದೆ. ಮೊದಲೇ ಒಂದು ಫೋನ್ ಮಾಡಿ ಹೋದರೆ ಒಳ್ಳೆಯದು, ಪ್ರಾರ್ಥನೆಯ ಹೊತ್ತಿನಲ್ಲಿ ಹೋದರೆ ಸ್ವಲ್ಪ ಕಾಯಬೇಕಾಗಬಹುದು.

ಇಂತಿ,
ನಿಮ್ಮ ಹಳೆಯ ಓದುಗರು,
ಕೆಂಗೇರಿ