ಆತಂಕದ ಜೊತೆ ಎಡಿಎಚ್‌ಡಿಯೂ ಇದ್ದಾಗ ಥೆರಪಿ ಎಲ್ಲಿ ಎಡವುತ್ತದೆ

ಸಂಪಾದಕರಿಗೆ,

ಮಾನ್ಯರೇ,

ಹದಿಹರೆಯದ ಮಕ್ಕಳನ್ನೋ ಇಪ್ಪತ್ತರ ಆಸುಪಾಸಿನವರನ್ನೋ ಆಪ್ತಸಮಾಲೋಚನೆಗೆ ಕರೆತರುವ ಮನೆಯವರು ನಾಲ್ಕಾರು ವಾರ ಕಳೆದ ಮೇಲೆ ಹೇಳುವ ಮಾತೊಂದಿದೆ: ‘ಥೆರಪಿ ನಮ್ಮ ಮಗುವಿಗೆ ಹಿಡಿಸಲಿಲ್ಲ. ಅಲ್ಲಿ ಹೇಳಿದ್ದನ್ನು ಮನೆಯಲ್ಲಿ ಮಾಡುವುದೇ ಇಲ್ಲ.’ ಆತಂಕ ಮತ್ತು ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿಯಾದ ಚಡಪಡಿಕೆ, ದುಡುಕು ಚಿಕ್ಕಂದಿನಿಂದಲೇ ಇರುವ ತೊಂದರೆ) ಎರಡೂ ಇರುವವರ ವಿಷಯದಲ್ಲಿ ಈ ತೀರ್ಮಾನಕ್ಕೆ ಅವಸರದಿಂದ ಬರಬಾರದು. ಹೆಚ್ಚಿನ ಸಂದರ್ಭಗಳಲ್ಲಿ ಥೆರಪಿಯ ಆಯ್ಕೆ ಸರಿಯಾಗಿಯೇ ಇರುತ್ತದೆ, ಅದನ್ನು ನಡೆಸಿದ ಕ್ರಮ ಮಾತ್ರ ಆತಂಕವೊಂದೇ ಇರುವವರಿಗೆ ಹೊಂದುವಂಥದ್ದಾಗಿರುತ್ತದೆ.

ಎರಡೂ ಒಟ್ಟಿಗಿರುವುದು ಅಪರೂಪವೇನಲ್ಲ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆತಂಕದ ಕಾಯಿಲೆಯೂ ಇರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ: ಪುಸ್ತಕ ತೆರೆದಿದೆ, ಅರ್ಧ ಗಂಟೆ ಕಳೆದಿದೆ, ಪುಟ ಮಗುಚಿಲ್ಲ. ಬಿಡಿಸಿ ನೋಡಲು ಒಂದು ಪ್ರಶ್ನೆ ಬಹಳ ನೆರವಾಗುತ್ತದೆ. ‘ಓದುತ್ತಿರುವಾಗ ಮನಸ್ಸು ಹೊರಟು ಎಲ್ಲಿಗೆ ಹೋಯಿತು?’ ಫೇಲಾದರೆ ಏನು ಗತಿ, ಅವರು ಏನೆಂದುಕೊಂಡಿರಬಹುದು ಎಂಬಲ್ಲಿಗೆ ಹೋಗಿದ್ದರೆ ಆತಂಕದ ಕಡೆ ನೋಡಬೇಕು. ಫ್ಯಾನಿನ ಸದ್ದು, ನಾಳೆಯ ಆಟ, ಪೆನ್ನಿನ ಮುಚ್ಚಳ ಹೀಗೆ ಭಯವೇ ಇಲ್ಲದ ಕಡೆಗೆಲ್ಲ ಅಲೆದಿದ್ದರೆ ಎಡಿಎಚ್‌ಡಿಯ ಕಡೆ. ಎಷ್ಟೋ ಮಕ್ಕಳು ‘ಎರಡೂ’ ಎನ್ನುತ್ತಾರೆ, ಅದೂ ಸರಿಯಾದ ಉತ್ತರವೇ. ಇನ್ನೊಂದು ಗುರುತು ಕಾಲದ್ದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಕೈಪಿಡಿಯಾದ ಡಿಎಸ್‌ಎಮ್‌–5 ಮಾನದಂಡದ ಪ್ರಕಾರ ಎಡಿಎಚ್‌ಡಿ ಎನ್ನಬೇಕಾದರೆ ಹಲವು ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದಿರಬೇಕು, ಮನೆ–ಶಾಲೆಯಂತಹ ಕನಿಷ್ಠ ಎರಡು ಕಡೆ ಕಾಣಬೇಕು, 6 ತಿಂಗಳಾದರೂ ಮುಂದುವರಿದಿರಬೇಕು. ಗಮನದ ಕೊರತೆಯ ಪಟ್ಟಿಯಲ್ಲಿ ಅಥವಾ ಚಡಪಡಿಕೆಯ ಪಟ್ಟಿಯಲ್ಲಿ 9ರಲ್ಲಿ 6 ಲಕ್ಷಣಗಳು ಬೇಕು, 17 ತುಂಬಿದವರಿಗೆ 5 ಸಾಕು. ಹಾರಾಟವಿಲ್ಲದೆ ಸುಮ್ಮನೆ ಕನಸು ಕಾಣುತ್ತ ಕೂರುವ ಹುಡುಗಿಯರು ಈ ಜರಡಿಯಿಂದ ಜಾರಿಹೋಗುವುದೇ ಹೆಚ್ಚು. ಅವರಿಗೆ ಮೊದಲು ಸಿಗುವುದು ಆತಂಕ ಎಂಬ ಹೆಸರು ಮಾತ್ರ.

ಆತಂಕಕ್ಕೆ ಚೆನ್ನಾಗಿ ಪರೀಕ್ಷೆಗೊಳಗಾಗಿರುವುದು ಸಿಬಿಟಿ, ಅಂದರೆ ಆಲೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಚಿಕಿತ್ಸೆ. ವಾರಕ್ಕೊಮ್ಮೆ 45–60 ನಿಮಿಷ, ಸಾಮಾನ್ಯವಾಗಿ 12ರಿಂದ 16 ವಾರ. ಅದರ ಜೀವಾಳ ಎಕ್ಸ್‌ಪೋಶರ್: ಹೆದರಿ ತಪ್ಪಿಸಿಕೊಳ್ಳುತ್ತಿರುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು. ತರಗತಿಯಲ್ಲಿ ಮಾತಾಡುವ ಭಯವನ್ನೇ ತೆಗೆದುಕೊಳ್ಳಿ. 0ಯಿಂದ 100ರವರೆಗೆ ಭಯಕ್ಕೆ ಅಂಕ ಕೊಡಿಸುತ್ತೇವೆ. ಪಾಠ ಮುಗಿದ ಮೇಲೆ ಶಿಕ್ಷಕರ ಬಳಿ ಹೋಗಿ ಪುಟಸಂಖ್ಯೆ ಕೇಳುವುದು 30, ಬರೆದಿಟ್ಟುಕೊಂಡ ಪ್ರಶ್ನೆಯನ್ನು ಕೈಯೆತ್ತಿ ಓದುವುದು 55, ಬರೆದುಕೊಳ್ಳದೆ ಕೇಳುವುದು 75, ತಪ್ಪಿರಬಹುದು ಎಂದು ಗೊತ್ತಿದ್ದೂ ಉತ್ತರ ಹೇಳುವುದು 90. ಶುರು 30ರಿಂದ. ಹೋಗುವ ಮುನ್ನ ಒಂದು ಸಾಲು ಬರೆಯಬೇಕು: ‘ಏನಾಗುತ್ತದೆ ಅಂತ ನನಗನ್ನಿಸುತ್ತಿದೆ?’ ಬಂದ ಮೇಲೆ ಇನ್ನೊಂದು ಸಾಲು: ‘ನಿಜವಾಗಿ ಏನಾಯಿತು?’ ‘ಎಲ್ಲರೂ ನಗುತ್ತಾರೆ’ ಎಂದು ಬರೆದಿದ್ದವರು ‘ಒಬ್ಬ ತಿರುಗಿ ನೋಡಿದ, ಅಷ್ಟೇ’ ಎಂದು ತಮ್ಮ ಕೈಯಾರೆ ಬರೆದಾಗ ಆಗುವ ಕೆಲಸವನ್ನು ಯಾವ ಬುದ್ಧಿಮಾತೂ ಮಾಡಲಾರದು. ಅದೇ ಮೆಟ್ಟಿಲನ್ನು ಬೇರೆ ಬೇರೆ ದಿನ, ಬೇರೆ ಬೇರೆ ತರಗತಿಯಲ್ಲಿ ಮತ್ತೆ ಮತ್ತೆ ಹತ್ತಬೇಕು. ಗೆಳತಿಯಿಂದ ಕೇಳಿಸುವುದು, ಪ್ರಶ್ನೆಯನ್ನು ಮನಸ್ಸಿನಲ್ಲಿ ಹತ್ತು ಸಲ ಉರುಹೊಡೆದು ಎದ್ದು ನಿಲ್ಲುವುದು ಮುಂತಾದ ಊರುಗೋಲುಗಳನ್ನೂ ಒಂದೊಂದಾಗಿ ಬಿಡಬೇಕು. ಭಯವನ್ನು ಅಳಿಸಲೆಂದೇ ಮಾಡುವ ದೀರ್ಘ ಉಸಿರಾಟವೂ ಆ ಹೊತ್ತಿನಲ್ಲಿ ಊರುಗೋಲೇ.

ಎಡಿಎಚ್‌ಡಿ ಇದ್ದಾಗ ಇದೇ ಕ್ರಮ ಕೆಡುವ ಬಗೆಗಳು ಬೇರೆ. ಹದಿನೈದು ಮೆಟ್ಟಿಲಿನ ಪಟ್ಟಿ ಮಾಡಿದರೆ ಆ ಹಾಳೆಯೇ ಕಳೆದುಹೋಗುತ್ತದೆ. ಐದಾರು ಮೆಟ್ಟಿಲು ಸಾಕು, ಒಂದು ವಾರಕ್ಕೆ ಒಂದೇ. ಒಂದು ದಿನದ ಹುಮ್ಮಸ್ಸಿನಲ್ಲಿ 30 ಬಿಟ್ಟು ನೇರ 90ಕ್ಕೆ ಹಾರಿ, ಮುಗ್ಗರಿಸಿ, ‘ನನ್ನಿಂದಾಗದು’ ಎಂದು ಕೈಬಿಡುವವರೂ ಇದ್ದಾರೆ. ಇದನ್ನು ಮೊದಲೇ ಹೇಳಿಟ್ಟಿರಬೇಕು. ಎದುರಿಸುತ್ತಿರುವಾಗಲೇ ಮನಸ್ಸು ಎಲ್ಲೋ ಹೋದರೆ ಕಲಿಕೆಯೇ ಆಗುವುದಿಲ್ಲ, ಆದ್ದರಿಂದ ಅಭ್ಯಾಸ ಚಿಕ್ಕದಿರಲಿ, ಮೇಲಿಂದ ಮೇಲೆ ಆಗಲಿ, ಮೊದಲ ಸಲ ಥೆರಪಿಸ್ಟ್ ಎದುರಿನಲ್ಲೇ ಆಗಲಿ. ವಾರದ ಕೆಲಸವನ್ನು ಬಾಯಲ್ಲಿ ಹೇಳಿ ಕಳಿಸಿದರೆ ಬಾಗಿಲು ದಾಟುವಷ್ಟರಲ್ಲಿ ಅದು ಹೋಗಿರುತ್ತದೆ. ಕೊನೆಯ 10 ನಿಮಿಷವನ್ನು ಇದಕ್ಕೆಂದೇ ತೆಗೆದಿಡಬೇಕು. ಅಂಗೈಯಗಲದ ಕಾರ್ಡಿನ ಮೇಲೆ, ಅವರದೇ ಅಕ್ಷರದಲ್ಲಿ, ಏನು, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ. ಬರೆದ ಕೂಡಲೇ ಅಲ್ಲೇ ಕೂತು ಫೋನಿನಲ್ಲಿ ಅಲಾರಂ ಇಡಿಸಬೇಕು.

ಮುಂದಿನ ವಾರ ಕೆಲಸ ಆಗಿರದಿದ್ದರೆ ಬೈಗುಳವೂ ಬೇಡ, ‘ಪರವಾಗಿಲ್ಲ’ ಎಂದು ದಾಟಿಹೋಗುವುದೂ ಬೇಡ. ಮರೆತೆಯಾ, ನೆನಪಿದ್ದೂ ಶುರು ಮಾಡಲಾಗಲಿಲ್ಲವೇ, ಹೆದರಿ ಬಿಟ್ಟೆಯಾ ಎಂದು ಕೇಳಬೇಕು. ಮರೆವಿಗೆ ಅಲಾರಂ ಮದ್ದು. ಶುರುವಾಗದ್ದಕ್ಕೆ ಕೆಲಸವನ್ನು ‘ಪುಸ್ತಕ ಮೇಜಿನ ಮೇಲಿಡು’ ಎಂಬಷ್ಟು ಚಿಕ್ಕದು ಮಾಡುವುದು ಮದ್ದು. ಭಯಕ್ಕೆ ಒಂದು ಮೆಟ್ಟಿಲು ಕೆಳಗಿಳಿಯುವುದು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಫಲವಿಲ್ಲ, ತಿಂಗಳುಗಳು ಸುಮ್ಮನೆ ಕಳೆದುಹೋಗುತ್ತವೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಎಡಿಎಚ್‌ಡಿ ಇರುವವರ ಆತಂಕಕ್ಕೆ ಆಧಾರವಿರುತ್ತದೆ. ಅವರು ನಿಜಕ್ಕೂ ಮರೆತಿದ್ದಾರೆ, ತಡವಾಗಿ ಬಂದಿದ್ದಾರೆ, ಎಲ್ಲರೆದುರು ಬೈಸಿಕೊಂಡಿದ್ದಾರೆ. ಅಂಥವರಿಗೆ ‘ನಿನ್ನ ಯೋಚನೆ ತಪ್ಪು, ಹಾಗೇನೂ ಆಗಲ್ಲ’ ಎಂದರೆ ಅವರು ನಮ್ಮನ್ನು ನಂಬುವುದನ್ನೇ ನಿಲ್ಲಿಸುತ್ತಾರೆ. ಮರೆಯದಿರುವ ಏರ್ಪಾಡು ಮೊದಲು ಆಗಬೇಕು, ಆಮೇಲೂ ಉಳಿಯುವ ಹೆಚ್ಚುವರಿ ಭಯದ ಮೇಲೆ ಕೆಲಸ ಮಾಡಬೇಕು. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ: ಎಷ್ಟೋ ಮಂದಿ ವರ್ಷಗಟ್ಟಲೆ ಭಯದ ಬಲದಿಂದಲೇ, ಕೊನೆಯ ರಾತ್ರಿ ಎದೆ ಹೊಡೆದುಕೊಳ್ಳುತ್ತಿರುವಾಗ, ಕೆಲಸ ಮುಗಿಸಿ ಬಂದಿರುತ್ತಾರೆ. ಆತಂಕ ಇಳಿಯತೊಡಗಿದಾಗ ಆ ತಳ್ಳುಬಲವೂ ಹೋಗಿ ಅಸೈನ್‌ಮೆಂಟುಗಳು ಬಾಕಿ ಬೀಳುತ್ತವೆ. ಮನೆಯವರು ಥೆರಪಿಯಿಂದ ಹಾಳಾದ ಎಂದುಕೊಂಡು ನಿಲ್ಲಿಸುವುದು ಸರಿಯಾಗಿ ಈ ಹಂತದಲ್ಲಿ.

ಏರ್ಪಾಡು ಎಂದರೆ ಒಂದು ಕ್ಯಾಲೆಂಡರ್, ಒಂದು ನೋಟ್‌ಬುಕ್. ಗಂಟೆ–ದಿನ ಗೊತ್ತಿರುವುದೆಲ್ಲ ಕ್ಯಾಲೆಂಡರಿಗೆ, ಉಳಿದದ್ದು ನೋಟ್‌ಬುಕ್ಕಿಗೆ. ನಾಲ್ಕು ಆ್ಯಪ್ ಹಾಕಿಕೊಂಡವರು ನಾಲ್ಕನ್ನೂ ಮರೆಯುತ್ತಾರೆ. ಹಲ್ಲುಜ್ಜಿದ ಮೇಲೆ ನೋಟ್‌ಬುಕ್ ತೆರೆಯುವುದು ಎಂದು, ಈಗಾಗಲೇ ಇರುವ ಅಭ್ಯಾಸವೊಂದಕ್ಕೆ ಅದನ್ನು ಗಂಟು ಹಾಕಬೇಕು. ಆತಂಕ ಇರುವವರಿಗೆ ಪ್ರತಿ ಕೆಲಸವೂ ಇವತ್ತೇ ಆಗಬೇಕು ಅನ್ನಿಸುತ್ತದೆ, ಹಾಗಾಗಿ ದಿನಕ್ಕೆ ‘ತುರ್ತು’ ಮೂರಕ್ಕಿಂತ ಹೆಚ್ಚಿರದಂತೆ ನೋಡಿಕೊಳ್ಳುವುದು ಒಳ್ಳೆಯದು. ಓದಿಗೆ ಕೂತಾಗ ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮೊದಲು ಅಳೆಯಿರಿ: ಬೇಸರದ ವಿಷಯವನ್ನೇ ಹಿಡಿದು ಕೂತು, ಮನಸ್ಸು ಮೊದಲ ಸಲ ಹೊರಟಾಗ ಗಡಿಯಾರ ನೋಡುವುದು. 8 ನಿಮಿಷವಾದರೆ ಕೆಲಸವನ್ನು 8 ನಿಮಿಷದ ತುಂಡುಗಳಾಗಿ ಕತ್ತರಿಸಿ. ನಡುವೆ ನೆನಪಾದದ್ದನ್ನೆಲ್ಲ ಪಕ್ಕದ ಚೀಟಿಯಲ್ಲಿ ಬರೆದು ಬಿಟ್ಟುಬಿಡಬೇಕು, ಮಾಡಲು ಏಳಬಾರದು. ತುಂಡು ಮುಗಿದಾಗ ಚೀಟಿ ನೋಡಿದರೆ ಅದರಲ್ಲಿ ಹೆಚ್ಚಿನವು ಕಾಯಬಲ್ಲವು. ಟೈಮರ್ ಫೋನಿನದ್ದಾಗಬಾರದು. ಸಮಯ ನೋಡಲು ಕೈಗೆತ್ತಿಕೊಂಡ ಫೋನ್ ಬೇಗ ಕೆಳಗಿಳಿಯುವುದಿಲ್ಲ.

ಅಪ್ಪ–ಅಮ್ಮಂದಿರು ಮಗುವಿನ ಪರವಾಗಿ ತಾವೇ ಫೋನ್ ಮಾಡುವುದು, ‘ಏನೂ ಆಗಲ್ಲ ಅಲ್ವಾ?’ ಎಂಬ ಪ್ರಶ್ನೆಗೆ ದಿನಕ್ಕೆ ಇಪ್ಪತ್ತು ಸಲ ಉತ್ತರಿಸುವುದು ಪ್ರೀತಿಯಿಂದಲೇ. ಆದರೆ ಆತಂಕ ಬೇರೂರುವುದು ಅದರಿಂದಲೇ. ‘ನಿನಗೆ ಕಷ್ಟವಾಗ್ತಿದೆ ಅಂತ ಗೊತ್ತು. ನೀನು ನಿಭಾಯಿಸ್ತೀಯ ಅಂತಲೂ ಗೊತ್ತು’ ಎಂದು ಒಮ್ಮೆ ಹೇಳಿ ನಿಲ್ಲಿಸುವುದನ್ನು ಅವರೂ ಅಭ್ಯಾಸ ಮಾಡಬೇಕಾಗುತ್ತದೆ. ನೆನಪಿಸುವ ನೆರವನ್ನು ಮಾತ್ರ ನಿಲ್ಲಿಸಬಾರದು, ಅದು ಎಡಿಎಚ್‌ಡಿಗೆ ಬೇಕಾದ ಆಸರೆ. ಯಾವುದು ಭಯವನ್ನು ಮುದ್ದಿಸುವುದು, ಯಾವುದು ಮರೆವಿಗೆ ಕೊಡುವ ಆಸರೆ ಎಂದು ಥೆರಪಿಸ್ಟ್ ಜೊತೆ ಕೂತು ಎರಡು ಪಟ್ಟಿ ಮಾಡಿಕೊಳ್ಳಿ.

ಔಷಧದ ಮಾತು ಮನೋವೈದ್ಯರದ್ದು, ಆದರೂ ಎರಡು ಸಂಗತಿ. 2008ರಲ್ಲಿ ಪ್ರಕಟವಾದ, 7ರಿಂದ 17 ವರ್ಷದ 488 ಮಂದಿಯನ್ನು ಒಳಗೊಂಡ ಅಮೆರಿಕದ ಅಧ್ಯಯನದಲ್ಲಿ ಸಿಬಿಟಿ ಮತ್ತು ಸರ್ಟ್ರಲೀನ್ ಎಂಬ ಆತಂಕ ಇಳಿಸುವ ಮಾತ್ರೆ ಎರಡನ್ನೂ ಪಡೆದವರಲ್ಲಿ ಶೇ 81ರಷ್ಟು ಮಂದಿಯ ಆತಂಕ ಚೆನ್ನಾಗಿ ಇಳಿಯಿತು. ಸಿಬಿಟಿ ಮಾತ್ರ ಪಡೆದವರಲ್ಲಿ ಅದು ಶೇ 60, ಮಾತ್ರೆ ಮಾತ್ರ ಪಡೆದವರಲ್ಲಿ ಶೇ 55. ಈ ಬಗೆಯ ಮಾತ್ರೆ ಶುರುವಾದ, ಪ್ರಮಾಣ ಬದಲಾದ ಮೊದಲ ವಾರಗಳಲ್ಲಿ 25ರೊಳಗಿನವರ ಮೇಲೆ ಕಣ್ಣಿಟ್ಟಿರಬೇಕು. ಸಾಯುವ ಯೋಚನೆ, ವಿಪರೀತ ಚಡಪಡಿಕೆ ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಇನ್ನು ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್‌ನಿಂದ ಎದೆಬಡಿತ ಹೆಚ್ಚಬಹುದು, ಅದನ್ನು ಆತಂಕ ಮರುಕಳಿಸಿತು ಎಂದು ತಿಳಿದು ಹೆದರುವವರಿದ್ದಾರೆ. ಮಾತ್ರೆ ನುಂಗಿದ ಹೊತ್ತು, ಎದೆ ಹೊಡೆದುಕೊಂಡ ಹೊತ್ತು ಎರಡನ್ನೂ ಒಂದು ವಾರ ಬರೆದಿಟ್ಟು ವೈದ್ಯರಿಗೆ ತೋರಿಸಿದರೆ ವಿಷಯ ತಿಳಿಯಾಗುತ್ತದೆ. ಶೀಘ್ರ ಪರಿಣಾಮದ ಮಾತ್ರೆಯ ಪ್ರಭಾವ ಸುಮಾರು 4 ಗಂಟೆಯದ್ದು. ಥೆರಪಿಯ ಸಮಯವನ್ನು ಆ ಅವಧಿಯೊಳಗೆ ಹಾಕಿಸಿಕೊಳ್ಳುವುದು ಜಾಣತನ.

ಕಡೆಯದಾಗಿ, ಚಿಕಿತ್ಸಾ ಕೇಂದ್ರಗಳಿಗೂ ಕಾಲೇಜುಗಳ ಸಮಾಲೋಚನಾ ವಿಭಾಗಗಳಿಗೂ ನಮ್ಮ ಕೋರಿಕೆಯೊಂದಿದೆ. ಎರಡು ಸಲ ಬರದಿದ್ದರೆ ಹೆಸರು ತೆಗೆದುಹಾಕುವ ನಿಯಮ ಇದ್ದರೆ ದಯವಿಟ್ಟು ಬದಲಿಸಿ. ಸಮಯ ಮರೆಯುವುದು ಎಡಿಎಚ್‌ಡಿಯ ಲಕ್ಷಣ, ತಪ್ಪಿಹೋದದ್ದಕ್ಕೆ ನಾಚಿ ಮತ್ತೆ ಮುಖ ತೋರಿಸದಿರುವುದು ಆತಂಕದ ಲಕ್ಷಣ. ಯಾವ ಕಾಯಿಲೆಗೆಂದು ಬಂದರೋ ಅದಕ್ಕಾಗಿಯೇ ಅವರನ್ನು ಹೊರಗೆ ಕಳಿಸಿದಂತಾಗುತ್ತದೆ. ಹಿಂದಿನ ದಿನ ಒಂದು ಸಂದೇಶ, ಎರಡು ಗಂಟೆ ಮುಂಚೆ ಇನ್ನೊಂದು ಕಳಿಸಿ. ಪ್ರತಿ ವಾರ ಅದೇ ದಿನ, ಅದೇ ಗಂಟೆ ಇರಲಿ. ಹತ್ತು ಪುಟದ ಅರ್ಜಿಯನ್ನು ಮನೆಗೆ ಕೊಟ್ಟು ಕಳಿಸುವ ಬದಲು ಮೊದಲ ಭೇಟಿಯಲ್ಲಿ ಜೊತೆಗೆ ಕೂತು ತುಂಬಿಸಿ. ಬಾರದೆ ಹೋದವರಿಗೆ ಅದೇ ಸಂಜೆ ‘ಇವತ್ತು ಕಾಣಲಿಲ್ಲ, ಗುರುವಾರ ಇದೇ ಹೊತ್ತಿಗೆ ಕಾಯುತ್ತೇವೆ’ ಎಂಬ ಒಂದು ಸಾಲು ಕಳಿಸಿ.

– ಹದಿಹರೆಯದವರು ಮತ್ತು ಯುವಜನರೊಂದಿಗೆ ಕೆಲಸ ಮಾಡುವ ಆಪ್ತಸಮಾಲೋಚಕರು