ಗುಹೆ ತೋಡಿದ್ದು ಯಾರು?

ಪ್ರೀತಿಯ ಹುಡುಗಿ,

ನಿನ್ನ ಕಟ್ಟು ಬಂದು ಮೂರು ವಾರ ಆಯಿತು. 62 ಪುಟದ ಕಾದಂಬರಿ, ಜೊತೆಗೆ ಒಂದೂವರೆ ಪುಟದ ಅಳು. ಅಳುವನ್ನೇ ಮೊದಲು ಓದಿದೆ. "ಅಮೆರಿಕದ ಅಂತರ್ಯುದ್ಧದ ಬಗ್ಗೆ ಬರೆಯೋಕೆ ನನಗೇನು ಅಧಿಕಾರ ಇದೆ? ನಾನು ಅಲ್ಲಿ ಹುಟ್ಟಿದವಳಲ್ಲ, ಹೋಗಿ ನೋಡಿದವಳೂ ಅಲ್ಲ. ಯಾವ ಯಾವ ಐತಿಹಾಸಿಕ ಕಾದಂಬರಿ ಓದಬೇಕು, ಪಟ್ಟಿ ಕೊಡಿ. ಎಲ್ಲ ಓದಿ ಮುಗಿಸಿ ಆಮೇಲೆ ಬರೀತೀನಿ" ಎಂದಿದ್ದೀಯ.

ಎಲ್ಲ ಓದಿ ಮುಗಿಸಿ ಬರೆಯುತ್ತೇನೆ ಅಂದವರು ಬರೆದದ್ದನ್ನು ನಾನು ನೋಡಿಲ್ಲ. ಆ ಯುದ್ಧದ ಮೇಲೆ ಬಂದಿರುವ ಕಾದಂಬರಿಗಳನ್ನು ಓದೋಕೆ ಒಂದು ಜನ್ಮ ಸಾಲದು. ಅದರಲ್ಲೂ ಬಹಳಷ್ಟು ಪುಸ್ತಕಗಳಲ್ಲಿ ಇರೋದು ಸೇನಾಪತಿ, ಅವನ ಕುದುರೆ, ಆ ಕುದುರೆಯ ಬಣ್ಣ. ಅವನ್ನೆಲ್ಲ ಓದಿ ಸುಮ್ನೆ ಕಣ್ಣು ಹಾಳು ಮಾಡಿಕೊಳ್ಳಬೇಡ.

ಅಧಿಕಾರದ ವಿಷಯ ಬೇಗ ಮುಗಿಸುತ್ತೇನೆ. ಯುದ್ಧ ಮುಗಿದದ್ದು 1865ರಲ್ಲಿ. ಸ್ಟೀಫನ್ ಕ್ರೇನ್ ಹುಟ್ಟಿದ್ದು 1871ರಲ್ಲಿ. ಆ ಯುದ್ಧದ ಮೇಲೆ 'ದ ರೆಡ್ ಬ್ಯಾಡ್ಜ್ ಆಫ್ ಕರೇಜ್' ಕಾದಂಬರಿ ಬರೆಯುವಾಗ ಅವನು ಒಂದು ಕದನವನ್ನೂ ಕಣ್ಣಾರೆ ಕಂಡಿರಲಿಲ್ಲ. 1895ರಲ್ಲಿ ಅದು ಪುಸ್ತಕವಾಗಿ ಬಂದಾಗ, ಇವನು ನಮ್ಮ ಜೊತೆ ಇದ್ದವನೇ ಇರಬೇಕು ಅಂತ ಹಳೇ ಸೈನಿಕರು ನಂಬಿದರು. ಸಾಕಲ್ವಾ? ಇನ್ನು ಅಧ್ಯಾಯ ಎಷ್ಟುದ್ದ ಇರಬೇಕು, ಪ್ರಕಾಶಕರಿಗೆ ಹೇಗೆ ಬರೆಯಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳೋಕೆ ಬೇಕಾದಷ್ಟು ಜನ ಇದ್ದಾರೆ.

ನನ್ನ ತಲೆಯಲ್ಲಿ ಕೂತಿರೋದು ನಿನ್ನ 23ನೇ ಪುಟ.

1863ರ ವಿಕ್ಸ್‌ಬರ್ಗ್. ಮಿಸಿಸಿಪಿ ನದಿಯ ದಂಡೆಯ ಮೇಲಿನ ಆ ಊರನ್ನು ಉತ್ತರದವರ ಸೇನಾಪತಿ ಗ್ರಾಂಟ್‌ನ ಸೈನ್ಯ ಮುತ್ತಿದೆ. ಮೇ 18ರಿಂದ ಜುಲೈ 4ರವರೆಗೆ, 47 ದಿನ. ಗುಂಡು ಬೀಳುತ್ತಲೇ ಇದೆ. ಜನ ಹಳದಿ ಮಣ್ಣಿನ ದಿಬ್ಬಗಳ ಗುಹೆಯೊಳಗೆ ಸೇರಿಕೊಂಡಿದ್ದಾರೆ. ಪತ್ರಿಕೆ ಅಚ್ಚು ಹಾಕೋಕೆ ಕಾಗದ ಇಲ್ಲದೆ ಗೋಡೆಗೆ ಅಂಟಿಸುವ ಕಾಗದದ ಹಿಂಬದಿಯಲ್ಲಿ ಸುದ್ದಿ ಅಚ್ಚಾಗುತ್ತಿದೆ. ನಿನ್ನ ಹುಡುಗಿ ಸತ್ತವರ ಸುದ್ದಿ ಓದಿ ಹಾಳೆ ತಿರುಗಿಸುತ್ತಾಳೆ. ಆ ಕಡೆ ಹೂಬಳ್ಳಿ. ತಮ್ಮ ಊಟದ ಕೋಣೆಯಲ್ಲಿದ್ದ ಅದೇ ಹೂಬಳ್ಳಿ.

ಅದನ್ನು ಓದಿ ಎದ್ದು ಎರಡು ಸುತ್ತು ಓಡಾಡಿದೆ. ಇಂಥದ್ದು ನನಗೆ ಹೊಳೆಯಲಿಲ್ಲವಲ್ಲ ಅಂತ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಆಮೇಲೆ ಅದೇ ಪುಟದ ಮೇಲ್ಭಾಗ ಮತ್ತೆ ಓದಿದೆ. "ಗುಹೆಗಳನ್ನು ತೋಡಲಾಯಿತು. ಕಂಬಳಿಗಳನ್ನು ಹಾಸಲಾಯಿತು. ಊಟವನ್ನು ತರಲಾಯಿತು." ಇದೇನಮ್ಮ ಇದು? ಮನೆಯಲ್ಲಿ ಯಾರಾದರೂ "ಕಾಫಿ ಮಾಡಲಾಯಿತು" ಅಂತಾರಾ? ಇದು ಸರ್ಕಾರಿ ಸುತ್ತೋಲೆಯ ಕನ್ನಡ. ಮಾಡಿದವನ ಹೆಸರು ಹೇಳಬಾರದು ಅಂತ ಇದ್ದಾಗ ಬರೆಯೋ ಕನ್ನಡ. ಗುಹೆ ತೋಡಿದ್ದು ಯಾರು? ಮಿಸಿಸಿಪಿ ರಾಜ್ಯದಲ್ಲಿ ಆಗ ಅರ್ಧಕ್ಕಿಂತ ಜಾಸ್ತಿ ಜನ ಗುಲಾಮರು. ಗುದ್ದಲಿ ಹಿಡಿದವರು ಬಹಳ ಸಲ ಅವರೇ. ನಿನ್ನ 62 ಪುಟದಲ್ಲಿ ಅವರಲ್ಲಿ ಒಬ್ಬರಿಗೂ ಹೆಸರಿಲ್ಲ. "ಅವರು ಹಿನ್ನೆಲೆಯಲ್ಲಿ ಇರುತ್ತಾರೆ" ಅಂತ ಟಿಪ್ಪಣಿಯಲ್ಲಿ ಬರೆದಿದ್ದೀಯ. ಆ ಯುದ್ಧ ನಡೆದದ್ದೇ ಅವರ ಮೇಲಿನ ಒಡೆತನಕ್ಕಾಗಿ. 1861ರ ಜನವರಿಯಲ್ಲಿ ಮಿಸಿಸಿಪಿ ಅಮೆರಿಕದ ಒಕ್ಕೂಟ ಬಿಟ್ಟು ಹೊರಟಾಗ ಅದರ ಕಾರಣ ಬರೆದಿಟ್ಟಿತು. ತಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಅಂತ ಶುರುವಿನಲ್ಲೇ ಒಪ್ಪಿಕೊಂಡಿತು. ಅವರೇ ಮುಚ್ಚಿಡದ್ದನ್ನು ನೀನ್ಯಾಕೆ ಮುಚ್ಚಿಡುತ್ತೀಯ?

ಬೈಯೋಕೆ ನನಗೂ ಬಾಯಿಲ್ಲ. ನಾನು ಮಾಡಿದ್ದು ಇದಕ್ಕಿಂತ ಕೆಟ್ಟದ್ದು. ಹೇಳುತ್ತೇನೆ ಕೇಳು.

ನನ್ನ ಎರಡನೆಯ ಕಾದಂಬರಿ ಒಂದು ದೊಡ್ಡ ಮನೆಯ ನಾಲ್ಕು ತಲೆಮಾರಿನ ಕಥೆ. ಮೊದಲ ಕರಡಿನಲ್ಲಿ ಆ ಮನೆಯ ಬಾವಿ ತೋಡಿದವನದೇ ಒಂದು ಅಧ್ಯಾಯ ಇತ್ತು. 31 ಪುಟ. ಪ್ರಕಾಶಕರು ಓದಿ, "ಚೆನ್ನಾಗಿದೆ, ಆದರೆ ಕಥೆ ನಿಧಾನ ಆಗುತ್ತೆ" ಎಂದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಕತ್ತರಿ ಹಿಡಿದ ಕೈ ನನ್ನದು. 31 ಪುಟ ತೆಗೆದು ಒಂದು ಸಾಲು ಹಾಕಿದೆ: "ಮನೆಯ ಹಿತ್ತಲಲ್ಲಿ ಬಾವಿಯನ್ನು ತೋಡಲಾಯಿತು." ಪುಸ್ತಕ ಬಂತು, ಹೊಗಳಿದರು, ಹಾರ ಹಾಕಿದರು. ಹಿರಿಯ ವಿಮರ್ಶಕರೊಬ್ಬರು ಅದನ್ನು "ತುಂಬಿದ ಮನೆಯ ಕಥೆ" ಎಂದರು. ಮೂರನೆಯ ಮುದ್ರಣದ ಹೊತ್ತಿಗೆ ಕರಡು ತಿದ್ದೋಕೆ ಬಂದ ಹುಡುಗನೊಬ್ಬ ಪೆನ್ಸಿಲ್‌ನಲ್ಲಿ ಆ ಸಾಲಿನ ಪಕ್ಕ ಬರೆದಿದ್ದ: "ಮೇಡಂ, ತೋಡಿದ್ದು ಯಾರು?" ವ್ಯಾಕರಣದ ಅನುಮಾನ ಅಂದುಕೊಂಡು ಕೇಳಿದ್ದನೇನೋ. ನಾನು ಹುಡುಕಿದೆ. ಆ 31 ಪುಟ ಎಲ್ಲೂ ಇರಲಿಲ್ಲ. ಅವನಿಗೆ ಇಟ್ಟಿದ್ದ ಹೆಸರೂ ನೆನಪಾಗಲಿಲ್ಲ.

ಅವತ್ತಿನಿಂದ ನನಗೊಂದು ಹುಚ್ಚು. ಯಾವ ಐತಿಹಾಸಿಕ ಕಾದಂಬರಿ ಕೈಗೆ ಬಂದರೂ ಗುದ್ದಲಿ, ಸೌದೆ, ಒಲೆ ಹುಡುಕುತ್ತೇನೆ. ಯಾರು ಬೇಯಿಸಿದರು, ಬೇಯಿಸಿದವಳು ರಾತ್ರಿ ಎಲ್ಲಿ ಮಲಗಿದಳು? ಈ ಪ್ರಶ್ನೆಗೆ ಪುಸ್ತಕ ಏನು ಮಾಡುತ್ತೆ ಅಂತ ನೋಡುತ್ತೇನೆ. ನನ್ನ ಹತ್ತಿರ ಇರೋ ಜರಡಿ ಇದೊಂದೇ. ಪಟ್ಟಿ ಕೇಳಿದ್ದೀಯಲ್ಲ, ಈ ಜರಡಿ ಹಿಡಿದು ಕೆಲವು ಹೇಳುತ್ತೇನೆ.

'ಗಾನ್ ವಿತ್ ದ ವಿಂಡ್' ನೀನು ಓದಿದ್ದೀಯ. ನಿನ್ನ ವಾಕ್ಯಗಳಲ್ಲೇ ಗೊತ್ತಾಗುತ್ತೆ. ನಾನೂ ಹತ್ತೊಂಬತ್ತರಲ್ಲಿ ಊಟ ಬಿಟ್ಟು ಓದಿ ಅತ್ತವಳು. ಅದರ ನಾಯಕಿ, ಹಸಿದ ಸ್ಕಾರ್ಲೆಟ್, ಪಕ್ಕದ ಎಸ್ಟೇಟಿನಲ್ಲಿ ಒಂದು ಮೂಲಂಗಿ ಕಿತ್ತು ತಿಂದು, ವಾಂತಿ ಮಾಡಿಕೊಂಡು, ಇನ್ನೆಂದೂ ಹಸಿದಿರಲ್ಲ ಅಂತ ಶಪಥ ಮಾಡುತ್ತಾಳಲ್ಲ, ಅಲ್ಲೇ. ಬಹಳ ವರ್ಷ ಬಿಟ್ಟು ಮತ್ತೆ ಓದಿದಾಗ ಕಣ್ಣಿಗೆ ಬಿತ್ತು: ಆ ಮೂಲಂಗಿ ಸಾಲು ಇದ್ದದ್ದು ಗುಲಾಮರ ಗುಡಿಸಲೊಂದರ ಹಿಂದಿನ ಮೆಟ್ಟಿಲ ಹತ್ತಿರ. ದಣಿಯ ಹೊಲದ ಕೆಲಸ ಮುಗಿಸಿ ಬಂದು, ಉಳಿದ ಬೆಳಕಿನಲ್ಲಿ ಯಾರೋ ತಮಗೋಸ್ಕರ ಹಾಕಿಕೊಂಡ ಸಾಲು ಅದು. ಬರೆದವಳು ಅದನ್ನು ನೋಡಿದ್ದಾಳೆ, ಬರೆದೂ ಇದ್ದಾಳೆ. ಆದರೆ ಅಲ್ಲಿ ಅರೆಗಳಿಗೆ ನಿಲ್ಲೋದಿಲ್ಲ. ಶಪಥ ನಮಗೆಲ್ಲ ಬಾಯಿಪಾಠ. ಸಾಲು ಹಾಕಿದವರು ಯಾರು? ಸ್ಕಾರ್ಲೆಟ್‌ಳನ್ನು ಎತ್ತಿ ಸಾಕಿದವಳಿಗೂ ಅಷ್ಟು ದಪ್ಪದ ಪುಸ್ತಕದಲ್ಲಿ 'ಮ್ಯಾಮಿ' ಅನ್ನೋದು ಬಿಟ್ಟರೆ ಒಂದು ಹೆಸರಿಲ್ಲ. 1936ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ. ಸೋತ ದಕ್ಷಿಣದವರು ದಶಕಗಳಿಂದ ಹೇಳಿಕೊಂಡು ಬಂದಿದ್ದ ಕಥೆಯನ್ನು, ಅಂದರೆ ಗುಲಾಮರು ಸುಖವಾಗಿದ್ದರು, ಒಡೆಯರು ಸಭ್ಯರಾಗಿದ್ದರು ಅನ್ನೋ ಕಥೆಯನ್ನು, ಅದು ಜಗತ್ತಿನ ತುಂಬ ಹಂಚಿತು. ಓದಬೇಡ ಅನ್ನೋದಿಲ್ಲ. ಒಂಟಿಯಾಗಿ ಓದಬೇಡ.

ಅದರ ಪಕ್ಕದಲ್ಲಿ ಮಾರ್ಗರೆಟ್ ವಾಕರ್‌ಳ 'ಜುಬಿಲಿ' ಇಟ್ಟುಕೋ. ಅದೇ ಜಾರ್ಜಿಯಾ ರಾಜ್ಯ, ಅದೇ ಯುದ್ಧ, ಅದೇ ದೊಡ್ಡ ಮನೆ. ಆದರೆ ಈ ಸಲ ನೀನು ನಿಂತಿರೋದು ಅಡುಗೆಮನೆಯಲ್ಲಿ. ವೈರಿ ಅಂತ ಹುಡುಗಿ. ಓದುವಾಗ ನಮ್ಮ 'ವೈರಿ' ನೆನಪಾಗುತ್ತೆ, ಏನೂ ಮಾಡೋಕಾಗಲ್ಲ. ಅವಳಪ್ಪ ಆ ಮನೆಯ ಯಜಮಾನನೇ, ತಾಯಿ ಅವನ ಗುಲಾಮಳು. ಅಪ್ಪನ ಮನೆಯಲ್ಲೇ ಮಗಳು ಅಡುಗೆಯವಳು. ವಾಕರ್ ಇದನ್ನು ಕಟ್ಟಿದ್ದು ಅಜ್ಜಿಯ ಬಾಯಿಂದ ಕೇಳಿದ ಮುತ್ತಜ್ಜಿಯ ಕಥೆಯಿಂದ. ಕಾಲೇಜಿನಲ್ಲಿದ್ದಾಗ ಶುರು ಮಾಡಿದಳು. ಪಾಠ ಹೇಳುತ್ತಾ, ನಾಲ್ಕು ಮಕ್ಕಳನ್ನು ಸಾಕುತ್ತಾ ಸುಮಾರು 30 ವರ್ಷ ಎಳೆದು, ಕೊನೆಗೆ ಅಯೋವಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್‌ಗೆ ಅದನ್ನೇ ಒಪ್ಪಿಸಿದಳು. ಪುಸ್ತಕವಾದದ್ದು 1966ರಲ್ಲಿ. ನೀನು ಎಂಟು ತಿಂಗಳಿಗೇ ಸುಸ್ತಾಗಿದ್ದೇನೆ ಅನ್ನುತ್ತೀಯ. ಕೆಲವು ಕಡೆ ಅದು ಎಳೆಯುತ್ತೆ, ಒಪ್ಪುತ್ತೇನೆ. ಎಳೆಯಲಿ ಬಿಡು. ನಿಧಾನ ಆಗುತ್ತೆ ಅಂತ ಹೆದರದ ಪುಸ್ತಕ ಅದು.

ಕ್ರೇನ್‌ನನ್ನು ಹೊಗಳಿದೆನಲ್ಲ, ಅವನನ್ನೂ ಜರಡಿಗೆ ಹಾಕು. ಮೊದಲ ಪುಟಗಳಲ್ಲೇ ಒಬ್ಬ ಕರಿಯ ಗಾಡಿಯವನು ಬಿಸ್ಕತ್ತಿನ ಪೆಟ್ಟಿಗೆ ಮೇಲೆ ಕುಣಿಯುತ್ತಿರುತ್ತಾನೆ, ಸೈನಿಕರು ಸುತ್ತ ಸೇರಿ ಹುರಿದುಂಬಿಸುತ್ತಿರುತ್ತಾರೆ. ಅಷ್ಟರಲ್ಲಿ ಸೈನ್ಯ ಹೊರಡುತ್ತಂತೆ ಅನ್ನೋ ಸುದ್ದಿ ಬರುತ್ತೆ, ಎಲ್ಲರೂ ಅತ್ತ ಓಡುತ್ತಾರೆ. ಅವನು ಸಪ್ಪಗೆ ಕೂತುಕೊಳ್ಳುತ್ತಾನೆ. ಅಷ್ಟೇ. ಕಾದಂಬರಿಯೂ ಅವನನ್ನು ಅಲ್ಲೇ ಕೂರಿಸಿ ಹೋಗಿಬಿಡುತ್ತೆ. ಭಯದ ಬಗ್ಗೆ ಅದಕ್ಕಿಂತ ಒಳ್ಳೆಯ ಪುಸ್ತಕ ನಾನು ಕಂಡಿಲ್ಲ. ಆದರೂ ಓದಿದಾಗಲೆಲ್ಲ ಆ ಪೆಟ್ಟಿಗೆಯ ಕಡೆ ತಿರುಗಿ ನೋಡುತ್ತೇನೆ.

ಕದನವೇ ಬೇಕು ಅಂದರೆ ಮೈಕೆಲ್ ಶಾರಾನ 'ದ ಕಿಲ್ಲರ್ ಏಂಜಲ್ಸ್', 1974ರದ್ದು. ಗೆಟಿಸ್‌ಬರ್ಗ್ ಕದನ, 1863ರ ಜುಲೈ 1ರಿಂದ 3. ಎರಡೂ ಕಡೆಯ ಸೇನಾಧಿಕಾರಿಗಳ ತಲೆಯೊಳಗೆ ಹೋಗಿ ಬರುತ್ತೆ. ದಕ್ಷಿಣದ ಸೇನಾಪತಿ ಲೀ ಸೈನ್ಯದ ಜೊತೆ ಅಡುಗೆಗೆ, ಗಾಡಿ ಹೊಡೆಯೋಕೆ ಸಾವಿರಾರು ಗುಲಾಮರನ್ನು ಕರೆತಂದಿದ್ದರು. ಅವರು ಇದರಲ್ಲಿ ನಿನಗೆ ಸರಿಯಾಗಿ ಕಾಣಿಸೋದಿಲ್ಲ. ಆದರೆ ಒಂದು ದೃಶ್ಯಕ್ಕೋಸ್ಕರ ನಾನು ಆ ಪುಸ್ತಕ ಇಟ್ಟುಕೊಂಡಿದ್ದೇನೆ. ತಪ್ಪಿಸಿಕೊಂಡು ಬಂದ ಗಾಯಾಳು ಕರಿಯನೊಬ್ಬ ಸಿಗುತ್ತಾನೆ. ಉತ್ತರದ ಕರ್ನಲ್ ಚೇಂಬರ್ಲಿನ್, ಕಾಲೇಜಿನ ಮೇಷ್ಟ್ರು, ಗುಲಾಮಗಿರಿ ತಪ್ಪು ಅಂತ ಮನಸಾರೆ ನಂಬಿದವನು. ಆ ಗಾಯಾಳುವನ್ನು ಮುಟ್ಟಬೇಕು ಅಂದಾಗ ಈ ಕರ್ನಲ್‌ನ ಮೈಯಲ್ಲಿ ಒಂದು ಥರ ಹಿಂಜರಿಕೆ ಹರಿಯುತ್ತೆ. ಛೇ, ನನ್ನೊಳಗೂ ಇದು ಇದೆಯಲ್ಲ ಅಂತ ತಾನೇ ಬೆಚ್ಚುತ್ತಾನೆ. ನಾಯಕನಿಗೆ ಆ ಹಿಂಜರಿಕೆ ಕೊಡೋಕೆ ಧೈರ್ಯ ಬೇಕು. ನಿನ್ನ ನಾಯಕಿಗೆ ನೀನು ಏನೂ ಕೊಟ್ಟಿಲ್ಲ. ಅವಳು ಎಲ್ಲರಿಗೂ ಒಳ್ಳೆಯವಳು, ಪಾಪ.

'ಕೋಲ್ಡ್ ಮೌಂಟನ್' ಚಂದದ ಪುಸ್ತಕ. ಸೈನ್ಯ ಬಿಟ್ಟು ಊರಿಗೆ ನಡೆದು ಬರುವವನ ಕಥೆ. ಅದರ ಭಾಷೆಗೆ ಮರುಳಾಗಿ ಅದರ ಥರವೇ ಬರೆಯೋಕೆ ಹೊರಡಬೇಡ. ಆದರೆ ಅದರಲ್ಲಿ ರೂಬಿ ಅಂತ ಒಬ್ಬಳು ಬರುತ್ತಾಳೆ. ಬೇಸಾಯ ಗೊತ್ತಿಲ್ಲದ ಪಾದ್ರಿಯ ಮಗಳ ಜೊತೆ ಹೊಲ ಮಾಡೋಕೆ ಒಪ್ಪುವಾಗ ಅವಳು ಹಾಕುವ ಷರತ್ತು ನೋಡು: ರಾತ್ರಿ ಮಡಕೆ ಅವರವರದ್ದು ಅವರವರೇ ಚೆಲ್ಲಬೇಕು. ಅಷ್ಟರಲ್ಲೇ ಆ ಮನೆಯಲ್ಲಿ ಯಾರು ಯಾರಿಗೆ ಆಳಲ್ಲ ಅಂತ ಗೊತ್ತಾಗಿ ಹೋಗುತ್ತೆ. ನಿನ್ನ ಗುಹೆಯಲ್ಲಿ 47 ದಿನ ಮಡಕೆ ಚೆಲ್ಲಿದವರು ಯಾರು?

ಟೋನಿ ಮಾರಿಸನ್‌ಳ 'ಬಿಲವೆಡ್' ಅಂತರ್ಯುದ್ಧದ ಕಾದಂಬರಿ ಅಲ್ಲ ಅನ್ನೋರಿದ್ದಾರೆ. ಕದನ ಇಲ್ಲವಂತೆ. ಕಥೆ ನಡೆಯೋದು 1873ರಲ್ಲಿ, ಯುದ್ಧ ಮುಗಿದು ಎಂಟು ವರ್ಷಕ್ಕೆ, ಒಹಾಯೋದ ಸಿನ್ಸಿನಾಟಿಯಲ್ಲಿ. ನಾನು ಯಾರಿಗಾದರೂ ಒಂದೇ ಪುಸ್ತಕ ಕೊಡಬೇಕು ಅಂದರೆ ಇದನ್ನೇ ಕೊಡುತ್ತೇನೆ. ಗುಲಾಮಳಾಗಿದ್ದಾಗ ಸೇತೆ ದಿನಾ ಯಜಮಾನತಿಯ ಅಡುಗೆಮನೆಗೆ ಹೋಗುವಾಗ ಒಂದು ಹಿಡಿ ಏನಾದರೂ ಚಂದದ ಗಿಡ ಕಿತ್ತುಕೊಂಡು ಹೋಗುತ್ತಿದ್ದಳು. ಆ ಅಡುಗೆಮನೆಯಲ್ಲಿ ಇಷ್ಟಾದರೂ ತನ್ನದು ಅನ್ನಿಸಲಿ, ಆಗ ಕೆಲಸ ಮಾಡೋಕಾಗುತ್ತೆ ಅಂತ. ನಿನ್ನ ಗೋಡೆ ಕಾಗದದ ಹೂಬಳ್ಳಿಗೂ ಅವಳ ಆ ಒಂದು ಹಿಡಿ ಗಿಡಕ್ಕೂ ನಡುವೆ ಎಷ್ಟು ದೂರ ಇದೆ ಅಂತ ಕೂತು ಯೋಚನೆ ಮಾಡು. ನಾನು ಹೇಳಿಕೊಡೋದಿಲ್ಲ.

ದಕ್ಷಿಣದ ಕಾದಂಬರಿಕಾರ ಫಾಕ್ನರ್ ಸದ್ಯಕ್ಕೆ ಬೇಡ. ಓದಿದರೆ ಆರು ತಿಂಗಳು ಅವನ ವಾಕ್ಯದಲ್ಲೇ ಸಿಕ್ಕಿಹಾಕಿಕೊಳ್ಳುತ್ತೀಯ, ನಾನು ಸಿಕ್ಕಿಕೊಂಡಿದ್ದೆ.

ಒಂದು ಮಾತ್ರ ಕಾದಂಬರಿಯಲ್ಲದ್ದು. ಮೇರಿ ಲಫ್‌ಬರೋ ಅನ್ನೋ ಹೆಂಗಸು ವಿಕ್ಸ್‌ಬರ್ಗಿನ ಗುಹೆಯಲ್ಲಿ ನಿಜವಾಗಿ ದಿನ ಕಳೆದವಳು. 1864ರಲ್ಲೇ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ತನ್ನ ಗುಹೆಯ ದಿನಗಳನ್ನು ಬರೆದು ಅಚ್ಚು ಹಾಕಿಸಿದಳು. ತೆಳ್ಳಗಿನ ಪುಸ್ತಕ. ಅದರಲ್ಲಿ ಜಾರ್ಜ್ ಅಂತ ಒಬ್ಬ ಆಳು ಬರುತ್ತಾನೆ. ರಾತ್ರಿ ಅವನು ಪಿಸ್ತೂಲು ಇಟ್ಟುಕೊಂಡು ಗುಹೆಯ ಬಾಯಲ್ಲಿ ಮಲಗುತ್ತಿದ್ದ, ಅಮ್ಮಾವರು ಒಳಗೆ. ಅವಳು ಅವನನ್ನು ಮೆಚ್ಚಿಕೊಂಡೇ ಬರೆದಿದ್ದಾಳೆ. ಗುಂಡಿನ ಚೂರು ಹಾರಿ ಬಂದರೆ ಮೊದಲು ಸಿಗೋನು ಯಾರು ಅಂತ ನೀನು ಲೆಕ್ಕ ಹಾಕು.

ಕೈಬರಹ ವಾಪಸ್ ಕಳಿಸುತ್ತಿದ್ದೇನೆ. 'ಲಾಯಿತು' ಬಂದಲ್ಲೆಲ್ಲ ಕೆಂಪು ಗೆರೆ ಎಳೆದಿದ್ದೇನೆ, ಲೆಕ್ಕ ಹಾಕಿ ಬೇಜಾರು ಮಾಡಿಕೊಳ್ಳಬೇಡ. 23ನೇ ಪುಟ ಮಾತ್ರ ನನ್ನ ಹತ್ತಿರವೇ ಇರಲಿ. ಅದನ್ನು ನೀನು ಮತ್ತೆ ಬರೆಯಬೇಕು ತಾನೆ? ಬರೆಯುವಾಗ ಗುಹೆಯ ಬಾಯಿಂದ ಶುರು ಮಾಡು. ಜುಲೈನ ಸೆಕೆ, ಒಳಗೆ ದೀಪ, ಹುಡುಗಿ ಹಾಳೆ ತಿರುಗಿಸುತ್ತಾಳೆ. ಹೊರಗೆ ಮಲಗಿರುವವನಿಗೆ ಆ ಹಾಳೆಯ ಸದ್ದು ಕೇಳಿಸುತ್ತೆ. ಆ ಹೂಬಳ್ಳಿಯ ಕಾಗದವನ್ನು ಊಟದ ಕೋಣೆಯ ಗೋಡೆಗೆ ಅಂಟಿಸಿದ್ದವನು ಅವನೇ ಇರಬಹುದು, ಅಲ್ವಾ?

ಪ್ರೀತಿಯಿಂದ,
ನಿನ್ನ ಅಕ್ಕ