ಪಾಸ್ ಆಯಿತು, ಸರಿ. ಯಾವ ಪರೀಕ್ಷೆಯಲ್ಲಿ?

ಮಾನ್ಯ ಸಂಪಾದಕರೇ,

ಮೊನ್ನೆ ನನ್ನ ಮೊಮ್ಮಗಳು ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಬೋರಲು ಹಾಕಿ ತಳ ನೋಡುತ್ತಿದ್ದಳು. "ಅಜ್ಜೀ, ಇದರಲ್ಲಿ 5 ಅಂತ ಇದೆ. ಐದಕ್ಕೆ ಐದಾ?" ಅಂದಳು. ನನಗೆ ನಗು ಬಂತು. ಆಮೇಲೆ ಯೋಚಿಸಿದರೆ, ಎಷ್ಟೋ ಜನ ದೊಡ್ಡವರೂ ಹಾಗೇ ಅಂದುಕೊಂಡಿದ್ದಾರೆ, ಅಲ್ವಾ? ಬಾಣಗಳ ತ್ರಿಕೋನದೊಳಗಿನ ಆ ಅಂಕಿ ಯಾರೂ ಕೊಟ್ಟ ಮಾರ್ಕ್ಸ್ ಅಲ್ಲ. ಬಿಸಾಡಿದ ಪ್ಲಾಸ್ಟಿಕ್ಕನ್ನು ಜಾತಿವಾರು ವಿಂಗಡಿಸಲು ಸುಲಭವಾಗಲಿ ಅಂತ 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ತಂದ ಗುರುತು ಅದು. 1 ಅಂದರೆ ಪೆಟ್, 5 ಅಂದರೆ ಪಾಲಿಪ್ರೊಪಿಲೀನ್, 6 ಅಂದರೆ ಪಾಲಿಸ್ಟೈರೀನ್. ಅದರಲ್ಲಿ ತಿನ್ನುವ ಪದಾರ್ಥ ಹಾಕಬಹುದೋ ಬಾರದೋ ಅನ್ನುವ ಮಾತೇ ಅಲ್ಲಿಲ್ಲ.

ಪತ್ರಿಕೆಗಳಲ್ಲೂ ಆಗಾಗ ಸುದ್ದಿ ಬರುತ್ತದೆ. ಇಂಥ ಪ್ಯಾಕೆಟ್ ಪರೀಕ್ಷೆಯಲ್ಲಿ ಪಾಸು, ಇಂಥದ್ದು ಫೇಲು. ಓದಿದಾಗಲೆಲ್ಲ ಒಂದು ಪತ್ರ ಬರೆಯಬೇಕು ಅನ್ನಿಸುತ್ತಿತ್ತು. ನಾನು 26 ವರ್ಷ ಈ ಪರೀಕ್ಷೆಗಳನ್ನೇ ಮಾಡಿದವಳು. ವಿಜ್ಞಾನಿ ಅಂತ ಹೇಳಿಕೊಳ್ಳಲಾರೆ. ಲ್ಯಾಬಿನಲ್ಲಿ ಬೀಕರ್ ತೊಳೆಯುವುದರಿಂದ ಶುರು ಮಾಡಿ ರಿಪೋರ್ಟಿಗೆ ಸಹಿ ಹಾಕುವ ತನಕ ಬಂದೆ, ಅಷ್ಟೇ.

ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಎಷ್ಟು ರಾಸಾಯನಿಕ ಇಳಿಯುತ್ತದೆ ಅಂತ ನೋಡುವುದೇ ಈ ಪರೀಕ್ಷೆ. ಅದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ನಿಜವಾದ ಆಹಾರದ ಒಳಗೇ ನೂರಾರು ರಾಸಾಯನಿಕಗಳು ಇರುತ್ತವೆ. ಅದರೊಳಗೆ ಪ್ಲಾಸ್ಟಿಕ್‌ನಿಂದ ಇಳಿದದ್ದು ಯಾವುದು ಅಂತ ಹುಡುಕುವುದು ಕಷ್ಟ. ಹಾಗಾಗಿ ಆಹಾರದ ಬದಲಿಗೆ ಅದರ ಗುಣವಿರುವ ಒಂದು ದ್ರವ ಬಳಸುತ್ತೇವೆ. ಹುಳಿ ಪದಾರ್ಥಕ್ಕೆ 3% ಅಸಿಟಿಕ್ ಆಮ್ಲ, ಜಿಡ್ಡಿನದಕ್ಕೆ ಅಡುಗೆ ಎಣ್ಣೆ, ಹೀಗೆ. ಸಿಮ್ಯುಲೆಂಟ್ ಅಂತ ಅದಕ್ಕೆ ಹೆಸರು. ಪ್ಲಾಸ್ಟಿಕ್ ಚೂರನ್ನು ಅದರಲ್ಲಿ ಮುಳುಗಿಸಿ ಸಾಮಾನ್ಯವಾಗಿ 40 ಡಿಗ್ರಿಯಲ್ಲಿ 10 ದಿನ ಇಡುತ್ತೇವೆ. ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರುವ ಪ್ಯಾಕೆಟ್ಟಿನ ಕತೆಯನ್ನು ಆ ಹತ್ತು ದಿನದಲ್ಲಿ ಓಡಿಸಿ ನೋಡುವುದು. ಆಮೇಲೆ ಚೂರನ್ನು ತೆಗೆದು ದ್ರವವನ್ನು ಬಟ್ಟಲಲ್ಲಿ ಬತ್ತಿಸುತ್ತೇವೆ. ತಳದಲ್ಲಿ ಉಳಿದದ್ದು ಪ್ಲಾಸ್ಟಿಕ್ ಬಿಟ್ಟುಕೊಟ್ಟದ್ದು.

ಹೆಚ್ಚಿನ ಸಲ ಕಣ್ಣಿಗೆ ಏನೂ ಕಾಣುವುದಿಲ್ಲ. ಕೆಲವು ಸಲ ಬಟ್ಟಲ ಅಂಚಿಗೆ ಮಂಜು ಹಿಡಿದ ಹಾಗೆ ಒಂದು ತೆಳು ಬಿಳಿ ಉಂಗುರ. ಬಟ್ಟಲನ್ನು ಇಕ್ಕಳದಲ್ಲೇ ಹಿಡಿಯಬೇಕು. ಕೈ ತಾಗಿತೋ, ಬೆರಳ ಜಿಡ್ಡಿನ ತೂಕವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಹಾಗೆ ಮಾಡಿ ಒಂದು ಒಳ್ಳೇ ಸ್ಯಾಂಪಲನ್ನು ಇನ್ನೇನು ಫೇಲ್ ಮಾಡಲಿದ್ದೆ. ಹಿರಿಯರೊಬ್ಬರು ಬೈದು ಮತ್ತೆ ಮೊದಲಿನಿಂದ ಮಾಡಿಸಿದರು.

ಯುರೋಪಿನ ನಿಯಮದ ಪ್ರಕಾರ ಹೀಗೆ ಇಳಿದದ್ದೆಲ್ಲ ಸೇರಿ ಒಂದು ಚದರ ಡೆಸಿಮೀಟರಿಗೆ, ಅಂದರೆ 10 ಸೆಂಟಿಮೀಟರ್ ಉದ್ದ ಅಗಲದ ಒಂದು ಚೌಕಕ್ಕೆ, 10 ಮಿಲಿಗ್ರಾಂ ಮೀರಬಾರದು. ಈ ಲೆಕ್ಕದ ಹಿಂದೆ ಇರುವುದು ಒಂದು ಘನ. ಎಲ್ಲ ಬದಿಯೂ 10 ಸೆಂಟಿಮೀಟರ್ ಇರುವ ಡಬ್ಬಿ, ಒಳಗೆ ಒಂದು ಕಿಲೋ ಆಹಾರ, ಸುತ್ತ ಆರು ಮುಖ. ಆರು ಹತ್ತಲ ಅರವತ್ತು, ಕಿಲೋಗೆ 60 ಮಿಲಿಗ್ರಾಂ. ಲೆಕ್ಕ ಚೆನ್ನಾಗಿದೆ. ಆದರೆ ಡಬ್ಬಿಯ ಅಳತೆಯನ್ನು ಅರ್ಧ ಮಾಡಿ ನೋಡಿ. 5 ಸೆಂಟಿಮೀಟರಿನ ಪುಟ್ಟ ಡಬ್ಬಿಗಳು ಎಂಟು ಸೇರಿದರೆ ಒಂದು ಕಿಲೋ, ಆದರೆ ಒಟ್ಟು ಮುಖಗಳ ವಿಸ್ತಾರ ಎರಡು ಪಟ್ಟು. ಅದೇ ಪ್ಲಾಸ್ಟಿಕ್, ಅದೇ ಪಾಸು, ಕಿಲೋ ಆಹಾರಕ್ಕೆ ಇಳಿಯಬಹುದಾದದ್ದು ಮಾತ್ರ ಡಬಲ್. ಪ್ಯಾಕೆಟ್ ಸಣ್ಣದಾದಷ್ಟೂ ಆಹಾರಕ್ಕೆ ಪ್ಲಾಸ್ಟಿಕ್‌ನ ಸಂಗ ಜಾಸ್ತಿ.

ಇನ್ನೊಂದು ಮಾತು. ಈ ಪರೀಕ್ಷೆ ಎಷ್ಟು ಇಳಿಯಿತು ಅಂತ ಹೇಳುತ್ತದೆಯೇ ಹೊರತು ಏನು ಇಳಿಯಿತು ಅಂತ ಹೇಳುವುದಿಲ್ಲ. ಅದಕ್ಕೆ ಒಂದೊಂದು ರಾಸಾಯನಿಕಕ್ಕೂ ಬೇರೆ ಪರೀಕ್ಷೆ, ಬೇರೆ ಮಿತಿ. ಆ ಮಿತಿಗಳೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಬಿಸ್ಫೆನಾಲ್ ಎ ನೋಡಿ, ಕೆಲವು ಪ್ಲಾಸ್ಟಿಕ್ ಮಾಡಲು ಬಳಸುವ ರಾಸಾಯನಿಕ, ಚಿಕ್ಕದಾಗಿ ಬಿಪಿಎ. ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 4 ಮೈಕ್ರೋಗ್ರಾಂ ತನಕ ಪರವಾಗಿಲ್ಲ ಎಂದು 2015ರಲ್ಲಿ ಹೇಳಿದ್ದ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, 2023ರಲ್ಲಿ ಅದನ್ನು 0.2 ನ್ಯಾನೋಗ್ರಾಂಗೆ ಇಳಿಸಿತು. 20,000 ಪಟ್ಟು ಕಡಿಮೆ! ಇಂಥ ಅಪಾಯಗಳನ್ನು ಅಳೆಯುವ ಜರ್ಮನಿಯ ಸರ್ಕಾರಿ ಸಂಸ್ಥೆ ಬಿಎಫ್‌ಆರ್ ಈ ಲೆಕ್ಕ ಒಪ್ಪಲಿಲ್ಲ. ಅವರು ಹೇಳಿದ ಮಿತಿ ಇದರ ಸಾವಿರ ಪಟ್ಟು. ಕೊನೆಗೆ 2024ರ ಡಿಸೆಂಬರಿನಲ್ಲಿ ಯುರೋಪಿಯನ್ ಕಮಿಷನ್ ಆಹಾರ ತಾಗುವ ವಸ್ತುಗಳಲ್ಲಿ ಅದನ್ನು ಬಳಸುವುದನ್ನೇ ನಿಷೇಧಿಸಿತು. 2014ರಲ್ಲಿ ನಾನು ಪಾಸ್ ಎಂದು ಬರೆದ ರಿಪೋರ್ಟು ಅಂದಿನ ಮಿತಿಗೆ ಸರಿಯಾಗಿಯೇ ಇತ್ತು. ಇಂದು ಅದನ್ನು ತೋರಿಸಿದರೆ ಯಾರೂ ಕೇಳುವುದಿಲ್ಲ.

ಅಂದಹಾಗೆ, ಪಾಲಿಪ್ರೊಪಿಲೀನ್ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ "ಬಿಪಿಎ ಇಲ್ಲ" ಅಂತ ಬರೆದಿರುತ್ತಾರೆ. ಪಾಲಿಪ್ರೊಪಿಲೀನ್ ಮಾಡುವುದಕ್ಕೆ ಬಿಪಿಎ ಬೇಕಾಗುವುದೇ ಇಲ್ಲ. ಅದು ಬೇಕಾಗುವುದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ, ತವರದ ಡಬ್ಬಿಗಳ ಒಳಗೆ ಬಳಿಯುವ ಎಪಾಕ್ಸಿ ಲೇಪಕ್ಕೆ. ಬೋಳುತಲೆಯವನು ನನ್ನ ತಲೆಯಲ್ಲಿ ಹೇನಿಲ್ಲ ಎಂದು ಬೀಗಿದ ಹಾಗಾಯಿತು.

ಈಗ ನನ್ನ ಮನಸ್ಸಿನಲ್ಲಿ ಇಷ್ಟು ವರ್ಷ ಕುಟುಕುತ್ತಿರುವ ವಿಷಯಕ್ಕೆ ಬರುತ್ತೇನೆ. ಒಂದು ಸಲ ಒಂದು ಕಂಪನಿಯಿಂದ ಪಾಲಿಸ್ಟೈರೀನ್ ಬಟ್ಟಲುಗಳು ಪರೀಕ್ಷೆಗೆ ಬಂದವು. ಜೊತೆಗಿದ್ದ ಪತ್ರದಲ್ಲಿ "ನೀರಿನಲ್ಲಿ ಪರೀಕ್ಷಿಸಿ" ಎಂದಿತ್ತು. ಬಟ್ಟಲಿನ ಮುಚ್ಚಳ ಆಗಲೇ ಪ್ರಿಂಟಾಗಿತ್ತು. ಅದರ ಮೇಲಿದ್ದ ಚಿತ್ರ ಎಣ್ಣೆ ಜಿನುಗುವ ತಿನಿಸಿನದು! ಪ್ಲಾಸ್ಟಿಕ್‌ನಲ್ಲಿ ಉಳಿದಿರುವ, ಅದರ ಮೂಲವಸ್ತುವಾದ ಸ್ಟೈರೀನ್ ಆಗಲಿ, ಅದಕ್ಕೆ ಬೆರೆಸುವ ಎಷ್ಟೋ ಸಾಮಗ್ರಿ ಆಗಲಿ ನೀರಿಗಿಂತ ಎಣ್ಣೆಗೆ ಸಲೀಸಾಗಿ ಇಳಿಯುತ್ತವೆ. ಇದು ಲ್ಯಾಬಿಗೆ ಹೊಸದಾಗಿ ಸೇರಿದವರಿಗೂ ಗೊತ್ತು.

ಎಣ್ಣೆಯ ಪರೀಕ್ಷೆ ಯಾಕೆ ಕೇಳಲಿಲ್ಲ ಅಂತಲೂ ನನಗೆ ಗೊತ್ತಿತ್ತು. ಎಣ್ಣೆ ನೀರಿನ ಹಾಗೆ ಬತ್ತುವುದಿಲ್ಲ. ಹಾಗಾಗಿ ದ್ರವದ ಬದಲು ಚೂರನ್ನೇ ಮೊದಲೊಮ್ಮೆ, ಆಮೇಲೊಮ್ಮೆ ತೂಗಬೇಕು. ಆದರೆ ಚೂರು ಅಷ್ಟರಲ್ಲಿ ಒಂದಿಷ್ಟು ಎಣ್ಣೆ ಕುಡಿದಿರುತ್ತದೆ. ಆ ಎಣ್ಣೆಯನ್ನು ಬೇರೆ ದ್ರಾವಕದಿಂದ ಹೊರಗೆಳೆದು, ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಯಂತ್ರದಲ್ಲಿ ಅಳೆದು, ಲೆಕ್ಕದಿಂದ ಕಳೆಯಬೇಕು. ಸಮಯ ಜಾಸ್ತಿ, ಖರ್ಚು ಜಾಸ್ತಿ, ಎಡವಟ್ಟೂ ಜಾಸ್ತಿ.

ಮುಚ್ಚಳ ಹಿಡಿದು ಮೇಲಿನವರ ಬಳಿ ಹೋದೆ. "ಅವರು ಕೇಳಿದ್ದನ್ನು ಮಾಡಿಕೊಡೋದಷ್ಟೇ ನಮ್ಮ ಕೆಲಸಾಮ್ಮ" ಅಂದರು. ನೀರಿನಲ್ಲಿ ಮಾಡಿದೆ. ಪಾಸಾಯಿತು, ಆಗಲೇಬೇಕು. ರಿಪೋರ್ಟಿನಲ್ಲಿ ದ್ರವದ ಹೆಸರು, ಡಿಗ್ರಿ, ದಿನ ಎಲ್ಲ ಸರಿಯಾಗಿಯೇ ಬರೆದಿದ್ದೆ, ಕೆಳಗೆ ನನ್ನ ಸಹಿ ಇದೆ. ಕೆಲವು ತಿಂಗಳ ಮೇಲೆ ಆ ಬಟ್ಟಲು ಎಣ್ಣೆ ತಿನಿಸು ತುಂಬಿಕೊಂಡು ಅಂಗಡಿಯಲ್ಲಿ ಕೂತಿತ್ತು. ಮುಚ್ಚಳದ ಮೇಲೆ "ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ" ಎಂದಿತ್ತು. ಸುಳ್ಳಲ್ಲ ನೋಡಿ. ನಾನೇ ಪರೀಕ್ಷಿಸಿದ್ದು.

ಅದರಿಂದ ಯಾರಿಗಾದರೂ ತೊಂದರೆ ಆಯಿತು ಅಂತ ನಾನು ಹೇಳುತ್ತಿಲ್ಲ. ಎಣ್ಣೆಯಲ್ಲೂ ಅದು ಪಾಸಾಗುತ್ತಿತ್ತೋ ಏನೋ. ಆ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ ಅನ್ನುವುದಷ್ಟೇ ನನ್ನ ಸಂಕಟ.

ಈ ಮಾಹಿತಿ ಎಲ್ಲೂ ಇಲ್ಲ ಅಂತಲ್ಲ. ಯುರೋಪಿನ 2011ರ ನಿಯಮದಲ್ಲಿ ಪ್ಲಾಸ್ಟಿಕ್ ಮಾಡಿದವರು ಅದನ್ನು ಕೊಳ್ಳುವ ಉದ್ಯಮಕ್ಕೆ ಒಂದು ಘೋಷಣಾ ಪತ್ರ ಕೊಡಲೇಬೇಕು. ಯಾವ ಬಗೆಯ ಆಹಾರಕ್ಕೆ, ಎಷ್ಟು ಬಿಸಿಗೆ, ಎಷ್ಟು ಹೊತ್ತಿಗೆ ಈ ವಸ್ತು ಅಂತ ಅದರಲ್ಲಿ ಇರಬೇಕು. ಸೊಗಸಾದ ನಿಯಮ. ಆದರೆ ಒಂದು ವಿನಾಯಿತಿ ಇದೆ: ಚಿಲ್ಲರೆ ಮಾರಾಟದ ಹಂತದಲ್ಲಿ ಈ ಪತ್ರ ಬೇಕಿಲ್ಲ. ಅಂದರೆ ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗುವ ಕಾಗದ, ನಾನು ನೀವು ಕೈ ಚಾಚುವ ಕಪಾಟಿನ ಹತ್ತಿರ ಬರುವ ಹೊತ್ತಿಗೆ ನಿಂತುಹೋಗುತ್ತದೆ. ನಮ್ಮ ಕೈಗೆ ಸಿಗುವುದು ಆಹಾರಕ್ಕೆ ಬಳಸಬಹುದು ಎನ್ನುವ ಗುರುತು, ಗ್ಲಾಸು ಮತ್ತು ಮುಳ್ಳುಚಮಚದ ಒಂದು ಚಿತ್ರ.

ಡಬ್ಬಿಯ ತಳದಲ್ಲಿ ಒಂದೇ ಸಾಲು ಸಾಕು: "ಜಿಡ್ಡಿಲ್ಲದ ಪದಾರ್ಥಕ್ಕೆ, 70 ಡಿಗ್ರಿ ತನಕ, ಒಂದೇ ಸಲ." ಅಚ್ಚಿನಲ್ಲಿ ಅಷ್ಟು ಕೆತ್ತಲು ಏನು ಕಷ್ಟ? ಒಂದೇ ಸಲ ಅನ್ನುವುದು ಮುಖ್ಯ. ಪದೇ ಪದೇ ಬಳಸುವ ಡಬ್ಬಿಯನ್ನು ಒಂದೇ ಚೂರಿನ ಮೇಲೆ ಪ್ರತಿಸಲ ಹೊಸ ದ್ರವ ಹಾಕಿ ಮೂರು ಸಲ ಪರೀಕ್ಷಿಸುತ್ತೇವೆ. ಒಂದು ಸಲ ಬಳಸಿ ಬಿಡುವುದಕ್ಕೆ ಆ ಪರೀಕ್ಷೆಯೇ ಇಲ್ಲ. ಅದನ್ನು ಮನೆಗೆ ತಂದು ವರ್ಷಗಟ್ಟಲೆ ತೊಳೆದು ತೊಳೆದು ಬಳಸುವವರು ನಾವು. ನನ್ನ ಅಡುಗೆಮನೆಯಲ್ಲೇ ಮೂರು ಇದ್ದವು, ಸುಮ್ನೆ ಯಾಕೆ ಮುಚ್ಚಿಡಲಿ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಸಲ "ಪರೀಕ್ಷೆಯಲ್ಲಿ ಪಾಸ್" ಎಂಬ ಸುದ್ದಿ ಬಂದಾಗ, ಯಾವ ದ್ರವದಲ್ಲಿ, ಎಷ್ಟು ಡಿಗ್ರಿಯಲ್ಲಿ, ಎಷ್ಟು ದಿನ ಎಂದು ನಿಮ್ಮ ವರದಿಗಾರರು ಕೇಳಿ ಬರೆಯಲಿ. ಉತ್ತರ ರಿಪೋರ್ಟಿನಲ್ಲೇ ಇರುತ್ತದೆ, ನಾವು ಬರೆದಿರುತ್ತೇವೆ.

ಮೊಮ್ಮಗಳ ಡಬ್ಬಿಯ ತಳವನ್ನು ಆಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ತ್ರಿಕೋನ, 5, ಅಚ್ಚಿನ ನಂಬರು. ಬೇರೇನೂ ಇರಲಿಲ್ಲ. ಸದ್ಯಕ್ಕೆ ಅದರಲ್ಲಿ ಬಣ್ಣದ ಪೆನ್ಸಿಲ್ ಇಟ್ಟುಕೊಂಡಿದ್ದಾಳೆ.

ಇತಿ,
ನಿವೃತ್ತ ಪ್ರಯೋಗಾಲಯ ಸಹಾಯಕಿ, ನಿಮ್ಮ ಓದುಗಿ